ಕೈಗಳನ್ನು ನುಂಗಿದ ಅನುಮೋದಿತ ಪಟ್ಟಿ

ಪಠ್ಯಪುಸ್ತಕ ಕಚೇರಿಯ ಅಕ್ಷರಜೋಡಣೆ ವಿಭಾಗದ ಮುಖ್ಯಸ್ಥರಿಗೆ, ನಾಲ್ಕು ಜನ ಓದಲಿ ಎಂದೇ ಬರೆದ ಪತ್ರ

ಮಾನ್ಯರೇ,

ಈ ಪದವನ್ನು ರೂಢಿಗೆಂದು ಬರೆದಿದ್ದೇನೆ, ಒಪ್ಪಿ ಬರೆದದ್ದಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಕಿವಿ ಕೇಳದ ಮಕ್ಕಳಿಗೆಂದು ನೀವು ಅಚ್ಚು ಹಾಕಿಸಿದ ಮೊದಲ ಪುಸ್ತಕದಲ್ಲಿ ಕೈಗಳೇ ಇಲ್ಲ. ಕೈಸನ್ನೆಯ ಚಿತ್ರ ಇರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕಗಳಿವೆ. ಚೌಕದ ಕೆಳಗೆ ನೀರು, ಹಾಲು, ಅಮ್ಮ, ಬಾ, ಬೇಡ ಎಂದು ದಪ್ಪ ಅಕ್ಷರದಲ್ಲಿ, ಒಂದು ಕೊಂಬು ಕೂಡ ತಪ್ಪದಂತೆ ಮುದ್ರಿಸಿದ್ದೀರಿ. ಕಾಗದ ಚೆನ್ನಾಗಿದೆ. ಹೊಲಿಗೆ ಗಟ್ಟಿಯಾಗಿದೆ. ರಟ್ಟಿನ ಮೇಲೆ ನಿಮ್ಮ ಕಚೇರಿಯ ಮುದ್ರೆ ಹೊಳೆಯುತ್ತಿದೆ. ಒಳಗೆ ಮಕ್ಕಳಿಗೆ ಬೇಕಾದದ್ದೊಂದೇ ಇಲ್ಲ. ಮದುವೆಗೆ ಎಲ್ಲರನ್ನೂ ಕರೆದು ಮದುಮಗನನ್ನು ಮರೆತವರ ಕಥೆ ಕೇಳಿದ್ದೆ. ಈಗ ಕಣ್ಣಾರೆ ಕಂಡೆ.

ಕೇಳಲು ನೀನ್ಯಾರು ಎಂದರೆ ಹೇಳುತ್ತೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಬದುಕೆಲ್ಲ ಹೊಲಿಗೆ ಮಷೀನಿನ ಮುಂದೆ ಕೂತವಳು. ಈಗ ಕಣ್ಣು ಸೂಜಿಗೆ ದಾರ ಪೋಣಿಸಲು ಒಪ್ಪುವುದಿಲ್ಲ, ನಾಲಿಗೆ ಮಾತ್ರ ಇನ್ನೂ ನೆಟ್ಟಗಿದೆ. ಆ ಪುಸ್ತಕವನ್ನು ಮಾಡಿದವಳು ನನ್ನ ಮಗಳು, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಪುಸ್ತಕದಲ್ಲಿ ಇರಬೇಕಾಗಿದ್ದ ಕೈಗಳು ನನ್ನ ತಮ್ಮನವು. ಅವನು ಬಡಗಿ, ಹುಟ್ಟಾ ಕಿವುಡ. ನೀವು ಕಾಗದದಲ್ಲಿ ಬರೆಯುವ ಉದ್ದನೆಯ ಪದ ನನಗೆ ಬೇಡ, ಅವನಿಗೂ ಬೇಡ. ಈ ಪತ್ರದ ಕಾಗುಣಿತ ತಿದ್ದುತ್ತೇನೆಂದು ಮಗಳು ಬಂದಳು. ಬಿಡಲಿಲ್ಲ. ತಪ್ಪಿದ್ದರೆ ನಕ್ಕು ಮುಂದೆ ಓದಿ. ನಿಮ್ಮ ಪುಸ್ತಕದಲ್ಲಿ ಒಂದೂ ಕಾಗುಣಿತ ತಪ್ಪಿಲ್ಲವಲ್ಲ, ಅದರಿಂದ ಯಾವ ಮಗುವಿಗೆ ಏನು ಉಪಕಾರವಾಯಿತು?

ನಿಮ್ಮ ಕಚೇರಿಯಲ್ಲಿ ಪುಸ್ತಕಗಳನ್ನೆಲ್ಲ ಒಂದು ಅಕ್ಷರಜೋಡಣೆ ವ್ಯವಸ್ಥೆಯಲ್ಲಿ ಮಾಡುತ್ತೀರಂತೆ. ಕಂಪ್ಯೂಟರಿಗೆ ಬರಹದಲ್ಲೇ ಅಪ್ಪಣೆ ಕೊಟ್ಟರೆ ಅದು ಪುಟವನ್ನು ತಾನೇ ಜೋಡಿಸಿಕೊಡುತ್ತದೆ. ಅದಕ್ಕೆ ಆಡ್-ಆನ್ ಪ್ಯಾಕೇಜು ಎಂಬುವು ಬೇರೆ. ಮೊದಲ ಸಲ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮಗಳು ನನ್ನ ಮಷೀನಿನ ಹತ್ತಿರ ಬಂದು ನಿಂತಳು.

"ಅಮ್ಮ, ನಿನ್ನ ಮಷೀನು ತಾನಾಗಿ ಏನು ಮಾಡುತ್ತೆ?"

"ನೇರ ಹೊಲಿಗೆ."

"ಕಾಜಾ ಬೇಕಂದ್ರೆ?"

"ಸೂಜಿ ಕೆಳಗೆ ಕಾಜಾ ಪಾದ ಸಿಕ್ಕಿಸ್ತೀನಿ. ಜಿಪ್ ಬೇಕಂದ್ರೆ ಒಂಟಿ ಪಾದ. ಅದನ್ನ ಕೇಳೋಕೆ ಇಷ್ಟೊಂದು ಪೀಠಿಕೆಯಾ?"

"ಅದೇ ಇದು. ವ್ಯವಸ್ಥೆ ಅಂದ್ರೆ ಮಷೀನು, ಪ್ಯಾಕೇಜು ಅಂದ್ರೆ ಪಾದ. ಗಣಿತಕ್ಕೆ ಒಂದು, ಸಂಗೀತಕ್ಕೆ ಒಂದು, ಭೂಪಟಕ್ಕೆ ಒಂದು. ಲೋಕದಲ್ಲಿ ಯಾರ್ಯಾರೋ ಮಾಡಿ ಎಲ್ಲರಿಗೂ ಪುಕ್ಕಟೆ ಇಟ್ಟಿದ್ದಾರೆ. ಕೈಸನ್ನೆಗೆ ಬೇಕಾದ ಪಾದ ಎಲ್ಲೂ ಸಿಗಲಿಲ್ಲ. ನಾನೇ ಮಾಡ್ತಿದೀನಿ."

ಇಷ್ಟು ಹೇಳಿದ ಮೇಲೆ ತಿಳಿಯದಿರಲು ನಾನೇನು ಕಚೇರಿಯವಳೇ? ಅವಳು ಮಾಡಿದ ಪ್ಯಾಕೇಜಿಗೆ ಮಣಿಕಟ್ಟು ಯಾವ ಕಡೆ, ಯಾವ ಬೆರಳು ಮಡಿಸಿದೆ, ಕೈ ಯಾವ ದಿಕ್ಕಿಗೆ ಚಲಿಸಬೇಕು ಎಂದು ಬರೆದರೆ ಸಾಕು, ಅದು ಪುಟದ ಮೇಲೆ ಕೈಯನ್ನು ಬಿಡಿಸಿ, ಚಲನೆಗೆ ಬಾಣದ ಗುರುತನ್ನೂ ಹಾಕುತ್ತದೆ. ಒಂದು ಕಡೆ ಹೆಬ್ಬೆರಳನ್ನು ತಿದ್ದಿದರೆ ಇಡೀ ಪುಸ್ತಕದಲ್ಲಿ ಹೆಬ್ಬೆರಳು ತಿದ್ದಿಕೊಳ್ಳುತ್ತದೆ. ಒಂದು ಅಳತೆಯ ಕಾಗದ ಕತ್ತರಿಸಿಟ್ಟರೆ ನೂರು ಅಂಗಿ ಹೊಲಿದ ಹಾಗೆ.

ಅದಕ್ಕೆ ಕೈ ಕೊಟ್ಟವನು ನನ್ನ ತಮ್ಮ. ಭಾನುವಾರ ಬಂತೆಂದರೆ ಕೈಗೆ ಅಂಟಿದ ಮರದ ಪುಡಿ ತೊಳೆದುಕೊಂಡು ಬಂದು ಊಟದ ಮೇಜಿನ ಮೇಲೆ ಎರಡೂ ಕೈ ಚಾಚಿ ಕೂರುತ್ತಿದ್ದ. ಮಗಳು ಅಳೆಯುತ್ತಿದ್ದಳು, ಬರೆಯುತ್ತಿದ್ದಳು, ಪರದೆಯ ಮೇಲೆ ತೋರಿಸುತ್ತಿದ್ದಳು. ಅವನನ್ನು ಮೆಚ್ಚಿಸುವುದು ಮದುವೆ ಗಂಡನ್ನು ಒಪ್ಪಿಸುವುದಕ್ಕಿಂತ ಕಷ್ಟ. ಒಂದು ಸಲ ಪರದೆಯ ಮೇಲಿನ ಬೆರಳುಗಳನ್ನು ನೋಡಿ, ಇದು ಕೈಯೋ ಬದನೆಕಾಯಿ ಗೊಂಚಲೋ ಎಂದು ಕೇಳಿದ. ಇನ್ನೊಂದು ಸಲ ಕಿರುಬೆರಳು ಒಂಚೂರು ಬಾಗಿದ್ದಕ್ಕೆ ಮೇಜು ತಟ್ಟಿ ಕೆಲಸ ನಿಲ್ಲಿಸಿದ. "ಏನಂತೆ ಮಾವಂದು?" ಎಂದೆ. ಮಗಳು ನಗುತ್ತಾ, "ಈ ಬೆರಳು ಹೀಗಿದ್ರೆ 'ಗುರುಗಳು' ಅಲ್ವಂತೆ, 'ಕತ್ತೆ' ಅಂತೆ. ಹಾಗೇ ಇರಲಿ ಅಂದ್ರೂ ಅಭ್ಯಂತರ ಇಲ್ವಂತೆ" ಎಂದಳು. ಹೀಗೆ ಒಂದೊಂದೇ ಬೆರಳನ್ನು ಒಪ್ಪಿಸಿ ಮಾಡಿದ ಪುಸ್ತಕ ಅದು.

ಅದನ್ನು ನಿಮಗೆ ಕಳಿಸಿದಳು. ನೀವೇನು ಮಾಡಿದಿರಿ? ಯಾರೂ ಏನೂ ಮಾಡಲಿಲ್ಲ, ಅದೇ ಈ ಕಥೆಯ ಸೊಗಸು. ನಿಮ್ಮಲ್ಲಿ ಪರಿಶೀಲನಾ ಟೂಲ್ ಎಂದೊಂದಿದೆ. ಬಂದ ಪುಸ್ತಕವನ್ನು ಅದರೊಳಗೆ ಹಾಕುತ್ತೀರಿ. ಪುಸ್ತಕದಲ್ಲಿ ಬಳಸಿದ ಪ್ಯಾಕೇಜುಗಳನ್ನು ಅದು ನಿಮ್ಮ ಅನುಮೋದಿತ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ. ಪಟ್ಟಿಯಲ್ಲಿಲ್ಲದ ಪ್ಯಾಕೇಜು ಸಿಕ್ಕಿದರೆ ಕೂಗುವುದಿಲ್ಲ, ನಿಲ್ಲಿಸುವುದಿಲ್ಲ, ಬರೆದವರನ್ನು ಕೇಳುವುದಿಲ್ಲ. ಸದ್ದಿಲ್ಲದೆ ಅದನ್ನು ಕಿತ್ತಿಟ್ಟು, ಚಿತ್ರ ಬರಬೇಕಾದ ಜಾಗಕ್ಕೆ ಅಷ್ಟೇ ಅಳತೆಯ ಚೌಕ ಎಳೆಯುತ್ತದೆ. ಪುಟದ ಅಂದ ಕೆಡಬಾರದಲ್ಲ. ಕೊನೆಗೆ ಒಂದು ವರದಿ ಕೊಡುತ್ತದೆ. ನಮ್ಮ ಪುಸ್ತಕದ ವರದಿಯಲ್ಲಿ ಏನಿತ್ತು ಎಂದು ಆಮೇಲೆ ತಿಳಿಯಿತು. ದೋಷ: ಶೂನ್ಯ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಗಳು, ಪುಟಗಟ್ಟಲೆ. ಎಚ್ಚರಿಕೆಯನ್ನು ನಿಮ್ಮಲ್ಲಿ ಯಾರೂ ಓದುವುದಿಲ್ಲವಂತೆ. ದೋಷ ಶೂನ್ಯ ಇದ್ದರೆ ಬರೆದವರಿಗೆ ಕರಡು ಕಳಿಸುವ ಪದ್ಧತಿಯೂ ಇಲ್ಲವಂತೆ. ತಪ್ಪಿದ್ದರೆ ತಾನೇ ತಿದ್ದಬೇಕು, ತಪ್ಪೇ ಇಲ್ಲದ್ದನ್ನು ಯಾಕೆ ತೋರಿಸಬೇಕು ಎಂಬ ಲೆಕ್ಕ. ನಾನು ಗಿರಾಕಿಗೆ ತೋಳಿಲ್ಲದ ಅಂಗಿ ಹೊಲಿದು, ದಾರ ಎಲ್ಲೂ ತುಂಡಾಗಿಲ್ಲ ನೋಡಿ ಎಂದು ಕೊಟ್ಟಿದ್ದರೆ ಅವರು ನನ್ನ ಮಷೀನನ್ನೇ ಎತ್ತಿ ಬೀದಿಗೆ ಎಸೆಯುತ್ತಿದ್ದರು.

ಒಬ್ಬನಿಗೆ ಮಾತ್ರ ಅನುಮಾನ ಬಂತು. ಅಚ್ಚುಮನೆಯವನು. ಅವನ ಅಂಗಿಗಳನ್ನೆಲ್ಲ ಒಂದು ಕಾಲದಲ್ಲಿ ಹೊಲಿದವಳು ನಾನೇ, ಅದಕ್ಕೆ ಆಮೇಲೆ ಬಂದು ಹೇಳಿದ. ಅಚ್ಚು ಹಾಕುವ ಮೊದಲು ನಿಮ್ಮ ಕಚೇರಿಗೆ ಫೋನು ಮಾಡಿದನಂತೆ. "ಸರ್, ಪುಸ್ತಕದ ತುಂಬಾ ಬರೀ ಚೌಕ ಬಂದಿದೆ, ಸರಿನಾ?" ಎಂದು ಕೇಳಿದನಂತೆ. ಆ ಕಡೆಯಿಂದ ಬಂದ ಉತ್ತರ, "ಅಭ್ಯಾಸಕ್ಕೆ ಕೊಟ್ಟಿರ್ತಾರೆ. ಮಕ್ಕಳು ಬರೀಲಿ ಅಂತ. ಹಾಕ್ಬಿಡಿ." ಹಾಕಿಬಿಟ್ಟ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ, ಕೇಳಿದವನು ಅವನೊಬ್ಬನೇ.

ಅದಾದ ಮೇಲೆ ನಿಮ್ಮ ವಿದ್ವಾಂಸರ ಸಮಿತಿ. ಅಚ್ಚಾದ ಪುಸ್ತಕ ನೋಡಿ ಅವರು ಬರೆದ ಷರಾ ನನ್ನ ಮಗಳ ಕೈಯಲ್ಲಿದೆ: "ಮಕ್ಕಳಿಗೆ ಸ್ವಯಂ ಬರವಣಿಗೆಗೆ ಧಾರಾಳವಾಗಿ ಸ್ಥಳಾವಕಾಶ ಒದಗಿಸಿರುವುದು ಸ್ವಾಗತಾರ್ಹ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರನ್ನು ಕಂಡಿದ್ದೆ. ಕರುವಿನ ಬಣ್ಣ ಚೆನ್ನಾಗಿದೆ ಎಂದವರನ್ನು ಈಗಲೇ ಕಂಡದ್ದು. ಪುಸ್ತಕದ ಹೆಸರಿನಲ್ಲೇ 'ಕೈಮಾತು' ಎಂದಿದೆಯಲ್ಲ ಸ್ವಾಮಿ, ಒಳಗೆ ಒಂದಾದರೂ ಕೈ ಇದೆಯೇ ಎಂದು ಹುಡುಕುವಷ್ಟು ಕುತೂಹಲವೂ ಆ ವಿದ್ವಾಂಸರಲ್ಲಿ ಒಬ್ಬರಿಗೂ ಹುಟ್ಟಲಿಲ್ಲವೇ?

ಪುಸ್ತಕದ ಕಟ್ಟು ಶಾಲೆಗೆ ಬಂದ ದಿನ ನಾನೂ ಹೋಗಿದ್ದೆ, ತಮ್ಮನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮಕ್ಕಳು ನೆಲದ ಮೇಲೆ ಅರ್ಧಚಂದ್ರದ ಹಾಗೆ ಕೂತಿದ್ದರು. ಆ ಶಾಲೆಯಲ್ಲಿ ಹಾಗೇ ಕೂರಬೇಕು, ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕಲ್ಲ. ಮಗಳು ಕಟ್ಟಿನ ಹಗ್ಗ ಕತ್ತರಿಸಿ ಪುಸ್ತಕಗಳನ್ನು ಎಲ್ಲರಿಗೂ ಹಂಚಿದಳು. ಎರಡು ಜಡೆಯ ಒಂದು ಹುಡುಗಿ ಪುಟ ತೆರೆದಳು, ತಿರುವಿದಳು, ಚೌಕವನ್ನು ಉಗುರಿನಿಂದ ಕೆರೆದಳು, ಆಮೇಲೆ ಎದ್ದು ಹೋಗಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನನ್ನ ತಮ್ಮ ಒಂದು ಪ್ರತಿ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಮಗುಚಿ ಹಾಕಿದ. ಅವನಿಗೆ ಸಿಟ್ಟು ಬರಲಿಲ್ಲ. ಮಗಳ ಕಡೆ ತಿರುಗಿ ಕೇಳಿದ್ದು ಇಷ್ಟೆ: ಇದಕ್ಕೆ ಪಾಲಿಶ್ ಹೊಡೆಯುವುದು ಇನ್ನೂ ಬಾಕಿ ಇದೆಯಾ? ಅರ್ಧ ಮುಗಿದ ಸಾಮಾನು ಎಂದುಕೊಂಡಿದ್ದ. ಅರ್ಧ ಮುಗಿದ ಕಪಾಟನ್ನು ಯಾರಾದರೂ ಗಿರಾಕಿಯ ಮನೆಗೆ ಸಾಗಿಸುತ್ತಾರೆ ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಮಗಳು ಹಗ್ಗದ ತುಂಡುಗಳನ್ನು ಆರಿಸುತ್ತಾ ಕೂತಳು.

ಮೂವರೂ ನಿಮ್ಮ ಕಚೇರಿಗೆ ಬಂದೆವು. ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈ ಪತ್ರ ಇಷ್ಟು ಉದ್ದವಾಗಿದೆ, ಅಂದು ಐದು ನಿಮಿಷ ಸಿಕ್ಕಿದ್ದರೆ ಬಾಯಲ್ಲೇ ಮುಗಿಸುತ್ತಿದ್ದೆ. ಟೂಲನ್ನು ನೋಡಿಕೊಳ್ಳುವ ಅಧಿಕಾರಿ ಕೂರಿಸಿ ಮಾತಾಡಿದರು. ಒಳ್ಳೆಯ ಮನುಷ್ಯ, ತಮ್ಮನಿಗೂ ಒಂದು ಕುರ್ಚಿ ಹುಡುಕಿ ತಂದು ಹಾಕಿದರು. ಅವರ ತಲೆಯ ಮೇಲೆ ಗೋಡೆಯಲ್ಲಿ 'ಶೂನ್ಯ ದೋಷ ನಮ್ಮ ಗುರಿ' ಎಂದು ಬರೆದಿತ್ತು.

"ಇದರಲ್ಲಿ ದೋಷ ಏನೂ ಕಾಣಿಸ್ತಿಲ್ವಲ್ಲಮ್ಮ," ಎಂದು ಪರದೆ ತಿರುಗಿಸಿ ತೋರಿಸಿದರು.

"ಕೈ ಎಲ್ಲಪ್ಪಾ?" ಎಂದೆ.

"ಅದು ದೋಷ ಅಲ್ಲ, ಎಚ್ಚರಿಕೆ. ಎಚ್ಚರಿಕೆ ತುಂಬಾ ಬರ್ತವೆ, ನಾವು ತೆಗೆದು ನೋಡಲ್ಲ."

"ನೋಡದೇ ಇರೋದಕ್ಕೆ ಅದನ್ನ ಯಾಕೆ ಬರೆಸ್ತೀರಿ?"

"ಅದು ಟೂಲೇ ಬರೆಯುತ್ತೆ."

"ಓದೋದಕ್ಕೂ ಒಂದು ಟೂಲ್ ತಂದ್ಬಿಡಿ ಹಾಗಾದ್ರೆ. ನೀವೆಲ್ಲ ಮನೇಲಿರಬಹುದು."

ಮಗಳು ನನ್ನ ಸೆರಗು ಜಗ್ಗಿದಳು. ಜಗ್ಗಲಿ. ಅನುಮೋದಿತ ಪಟ್ಟಿಯಲ್ಲಿ ಯಾವ ಯಾವ ಪ್ಯಾಕೇಜು ಇದೆ ತೋರಿಸಿ ಎಂದೆ. ಪಾಪ, ತೋರಿಸಿದರು. ಚದುರಂಗದ ಮಣೆ ಬಿಡಿಸುವುದಕ್ಕೆ ಒಂದಿದೆ. ಪದಬಂಧಕ್ಕೆ ಒಂದಿದೆ. ಪುಟದ ಅಂಚಿಗೆ ಬಳ್ಳಿ ಹಬ್ಬಿಸುವುದಕ್ಕೆ ಎರಡಿವೆ. ಇನ್ನೊಂದರ ವಿವರ ಓದಿ ನನ್ನ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

"ಇದೇನಿದು, ಕಾಫಿ ಲೋಟದ ಕಲೆ?"

ಅಧಿಕಾರಿ ಸ್ವಲ್ಪ ತಲೆ ತಗ್ಗಿಸಿದರು. "ಅದು... ಪುಟದ ಮೇಲೆ ಕಾಫಿ ಲೋಟ ಇಟ್ಟ ಹಾಗೆ ಗುಂಡಗೆ ಕಲೆ ಮೂಡಿಸುತ್ತೆ. ಯಾರೋ ತಮಾಷೆಗೆ ಮಾಡಿದ್ದು."

"ಇದಕ್ಕೆ ಅನುಮೋದನೆ ಇದೆ?"

"ಹಳೇದಮ್ಮ. ವರ್ಷಗಳಿಂದ ಬದಲಾಗಿಲ್ಲ. ಸ್ಥಿರವಾಗಿದೆ ಅಂತ ಲೆಕ್ಕ. ಮೇಡಮ್ಮೋರ ಪ್ಯಾಕೇಜು ತಿಂಗಳು ತಿಂಗಳು ಬದಲಾಗ್ತಾ ಇರುತ್ತೆ. ಎರಡು ವರ್ಷ ಮುಟ್ಟದೆ ಹಾಗೇ ಇಟ್ರೆ ಅರ್ಜಿ ಹಾಕಬಹುದು."

ಮಗಳು ಮೆಲ್ಲಗೆ ಹೇಳಿದಳು, "ಸರ್, ಹೊಸ ಸನ್ನೆ ಸೇರಿಸ್ತಾನೇ ಇರಬೇಕಾಗುತ್ತೆ. ಮಕ್ಕಳು ಮಾತಾಡ್ತಾ ಇದ್ದಾರಲ್ಲ."

"ಅರ್ಥ ಆಗುತ್ತೆ ಮೇಡಂ. ಸಿಸ್ಟಮ್ಮು ತಗೊಳ್ಳಲ್ಲ. ಫೋಟೋ ಹಾಕಬಹುದಲ್ಲ?"

ಫೋಟೋದ ಕಥೆ ನಮಗೆ ಗೊತ್ತು. ಹಿಂದೆ ಒಂದು ಪುಸ್ತಕದಲ್ಲಿ ಹಾಕಿದ್ದರು. ಒಂದೇ ಬಣ್ಣದ ಶಾಯಿಯಲ್ಲಿ ಅಚ್ಚಾಗಿ, ಕೈಗಳೆಲ್ಲ ಇದ್ದಿಲಿನ ತುಂಡಿನಂತೆ ಕಂಡಿದ್ದವು. ಮಡಿಸಿದ ಬೆರಳು ಯಾವುದು, ಚಾಚಿದ್ದು ಯಾವುದು ಎಂದು ಟಾರ್ಚು ಬಿಟ್ಟು ನೋಡಬೇಕಿತ್ತು. ಕೈ ಎತ್ತ ಚಲಿಸಬೇಕು ಎಂಬುದಂತೂ ಫೋಟೋದಲ್ಲಿ ಬರುವುದೇ ಇಲ್ಲ.

ಅಷ್ಟು ಹೊತ್ತಿಗೆ ತಮ್ಮ ನನ್ನ ತೋಳು ತಟ್ಟಿದ. ನಮ್ಮ ಪುಸ್ತಕ ತೆರೆದು, ಒಂದು ಚೌಕದ ಮೇಲೆ ಬೆರಳಿಟ್ಟು, ಅಧಿಕಾರಿಯನ್ನು ಏನೋ ಕೇಳಿದ. ನಾನು ಬಾಯಿಗೆ ತಂದೆ: "ಇಲ್ಲಿ ಏನಂತ ಇದೆ ಅಂತ ಕೇಳ್ತಿದಾನೆ."

"ನೀರು ಅಂತ ಕೆಳಗೇ ಬರೆದಿದೆಯಲ್ಲ," ಎಂದರು ಅಧಿಕಾರಿ.

ಮಾನ್ಯರೇ, ನಿಮ್ಮ ಇಡೀ ವಿಭಾಗ ಎಡವಿದ್ದು ಈ ಒಂದು ಮಾತಿನಲ್ಲಿ. ಪುಸ್ತಕ ಹಿಡಿದ ಮಗುವಿಗೆ ಕೆಳಗಿನ ಅಕ್ಷರ ಓದಲು ಬರುವುದಿಲ್ಲ. ಅದನ್ನು ಕಲಿಯುವುದಕ್ಕೇ ಪುಸ್ತಕ. ಅದಕ್ಕೆ ಗೊತ್ತಿರುವುದು ಮೇಲಿನ ಕೈ. ಗೊತ್ತಿರುವ ಕೈಯನ್ನು ಹಿಡಿದುಕೊಂಡು ಗೊತ್ತಿಲ್ಲದ ಅಕ್ಷರಕ್ಕೆ ದಾಟಬೇಕು. ನೀವು ಗೊತ್ತಿದ್ದುದನ್ನು ಅಳಿಸಿ ಗೊತ್ತಿಲ್ಲದ್ದನ್ನು ದಪ್ಪ ಅಕ್ಷರದಲ್ಲಿ ಉಳಿಸಿದ್ದೀರಿ. ನಿಮಗೆ ಯಾರೋ ಪರದೇಶದ ಲಿಪಿಯ ಪುಸ್ತಕ ಕೊಟ್ಟು, ಅರ್ಥದ ಜಾಗದಲ್ಲೆಲ್ಲ ಚೌಕ ಹಾಕಿ, ಓದಿ ಜಾಣರಾಗಿ ಎಂದರೆ ಏನು ಮಾಡುತ್ತೀರಿ? ಕಿವಿ ಕೇಳುವ ಮಗುವಿಗಾದರೆ ಅಮ್ಮ ಬಾಯಲ್ಲಿ ಹೇಳಿಕೊಟ್ಟಾಳು. ಈ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಕೈಮಾತು ಬಲ್ಲವರು ಒಬ್ಬರೂ ಇಲ್ಲ. ಆ ಪುಸ್ತಕ ಮನೆಗೆ ಹೋಗಿ ಅಪ್ಪ ಅಮ್ಮನಿಗೂ ನಾಲ್ಕು ಸನ್ನೆ ಕಲಿಸಬೇಕಾಗಿತ್ತು. ಮಗು ಬಾಯಾರಿಕೆ ಎಂದಾಗ ತಾಯಿ ಹಸಿವೆ ಎಂದು ತಿಳಿದು ತಟ್ಟೆ ಮುಂದಿಡುವ ಮನೆಗಳು ಅವು.

ನಾನು ಯಾಕೆ ಇಷ್ಟು ಕುದಿಯುತ್ತೇನೆ ಎಂದು ನಿಮಗೆ ಅನಿಸಬಹುದು. ನಾನು ಶಾಲೆ ಬಿಟ್ಟದ್ದು ಬಡತನಕ್ಕಲ್ಲ, ದಡ್ಡತನಕ್ಕೂ ಅಲ್ಲ. ತಮ್ಮನನ್ನು ನನ್ನದೇ ಶಾಲೆಗೆ ಸೇರಿಸಿದ್ದರು. ಅವನಿಗೆ ಮಾತೆಂದರೆ ಕೈ, ಕೈ ಆಡಿಸುತ್ತಿದ್ದ. ಮೇಷ್ಟ್ರಿಗೆ ಅದು ಚೇಷ್ಟೆಯಾಗಿ ಕಂಡು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂರು ಎಂದರು. ಕೂತ. ದಿನವಿಡೀ ಹಾಗೆ ಕೂತಿರುತ್ತಿದ್ದ, ಮನೆಗೆ ಬರುವಾಗ ಬೆರಳು ಮರಗಟ್ಟಿರುತ್ತಿತ್ತು. ಒಂದು ದಿನ ಮೇಷ್ಟ್ರು ನನ್ನನ್ನು ಕರೆದು, "ಇವನಿಗೆ ಇಲ್ಲಿ ಕಲಿಸೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಮ್ಮ" ಎಂದರು. ಕರೆದುಕೊಂಡು ಹೋದೆ. ಇವನೊಬ್ಬನೇ ಮನೆಯಲ್ಲಿದ್ದರೆ ಇವನ ಮಾತು ಯಾರಿಗೆ ತಿಳಿಯುತ್ತದೆ ಎಂದು ನಾನೂ ಮತ್ತೆ ಆ ಕಡೆ ಹೋಗಲಿಲ್ಲ. ಅಪ್ಪ ಬೈದ, ಅಮ್ಮ ಅತ್ತಳು, ನಾನು ಹೋಗಲಿಲ್ಲ. ಆ ಮೇಷ್ಟ್ರಾದರೂ ಎದುರಿಗೆ ನಿಂತು, ಮುಖ ನೋಡಿ ಹೇಳಿದರು. ನೀವು ಆ ಕೆಲಸವನ್ನು ಟೂಲಿಗೆ ವಹಿಸಿದ್ದೀರಿ. ಅದಕ್ಕೆ ಮುಖವಿಲ್ಲ, ನಾಚಿಕೆಯೂ ಇಲ್ಲ.

ಇಷ್ಟಾಗಿದ್ದರೆ ತಪ್ಪು ಯಾರಿಗಾಗಲ್ಲ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಸುಮ್ಮನಿರುವ ಜಾತಿಯವಳಲ್ಲ, ಆದರೂ ಪ್ರಯತ್ನಿಸುತ್ತಿದ್ದೆ. ಆಮೇಲೆ ನೀವು ಮಾಡಿದ್ದು ನೋಡಿ. ಹೊಸದಾಗಿ ಅಚ್ಚು ಹಾಕಿಸಿಕೊಡುತ್ತೇವೆ, ಆದರೆ ಪಟ್ಟಿಯಲ್ಲಿಲ್ಲದ ಪ್ಯಾಕೇಜು ಬಳಸಿದ್ದು ನನ್ನದೇ ತಪ್ಪು ಎಂದು ಲೇಖಕಿ ಬರೆದುಕೊಡಬೇಕು, ಕಡತಕ್ಕೆ ಬೇಕು ಎಂದು ನಿಮ್ಮ ವಿಭಾಗದಿಂದ ಹೇಳಿ ಕಳಿಸಿದಿರಿ. ಅದಕ್ಕೆ ಮನೆಯಲ್ಲಿ ಜಗಳವಾಯಿತು.

"ಸಹಿ ಹಾಕಿದ್ರೆ ನೀನು ನನ್ನ ಮಗಳಲ್ಲ," ಎಂದೆ.

"ಹಾಕದಿದ್ರೆ ಆ ಮಕ್ಕಳಿಗೆ ಪುಸ್ತಕ ಇಲ್ಲಮ್ಮ. ನನ್ನ ಮಾನ ತಗೊಂಡು ಅವರೇನು ಗೋಡೆಗೆ ನೇತು ಹಾಕ್ತಾರಾ? ಹಾಕ್ಕೊಳ್ಳಲಿ ಬಿಡು."

"ನೀನು ಮಾಡದ ತಪ್ಪಿಗೆ?"

"ಮಾಡಿದ ತಪ್ಪಿಗೆ ಎಲ್ಲರೂ ಸಹಿ ಹಾಕ್ತಾರೆ."

ನನ್ನ ತಮ್ಮ ನಡುವೆ ಬಂದು ಅವಳ ಪರ ನಿಂತ. ಇಬ್ಬರೂ ಸೇರಿ ಕೈಯಲ್ಲಿ ಅಷ್ಟು ವೇಗವಾಗಿ ಮಾತಾಡತೊಡಗಿದರೆ ನನಗೆ ಬೈಯಲು ಸಂದು ಸಿಗುವುದಿಲ್ಲ. ಅವಳು ಸಹಿ ಹಾಕಿದಳು.

ನಿಮ್ಮ ಉತ್ತರ ಬಂತು. ಬಾಯಿಪಾಠವಾಗಿದೆ, ಹೇಳುತ್ತೇನೆ ಕೇಳಿ: "ಹಸ್ತಪ್ರತಿಯಲ್ಲಿನ ಲೋಪವನ್ನು ಲೇಖಕಿಯೇ ಲಿಖಿತವಾಗಿ ಒಪ್ಪಿಕೊಂಡಿರುವ ಕಾರಣ, ಸದರಿ ಪುಸ್ತಕವನ್ನು ಪ್ರಸಕ್ತ ಸಾಲಿನ ಪಟ್ಟಿಯಿಂದ ತೆಗೆದುಹಾಕಲಾಗಿದೆ. ಮರುಮುದ್ರಣದ ಪ್ರಶ್ನೆ ಉದ್ಭವಿಸುವುದಿಲ್ಲ."

ಉದ್ಭವಿಸುವುದಿಲ್ಲ. ಎಷ್ಟು ಚೆಂದದ ಮಾತು. ತಪ್ಪು ಒಪ್ಪಿಕೊಂಡರೆ ಪುಸ್ತಕ ಕೊಡುತ್ತೇವೆ ಎಂದವರು ನೀವು, ತಪ್ಪು ಒಪ್ಪಿಕೊಂಡಿದ್ದಾಳೆ, ಅದಕ್ಕೇ ಪುಸ್ತಕ ಇಲ್ಲ ಎಂದವರೂ ನೀವು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಅವಳು ನನ್ನೆದುರು ಆ ಕಾಗದ ಓದಿ, ಮಡಚಿ, ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಹೇಳಿದ್ದೆನಲ್ಲ ಎನ್ನಲು ಬಾಯಿ ಬರಲಿಲ್ಲ, ನನ್ನ ಬಾಯಿಗೂ ಒಮ್ಮೊಮ್ಮೆ ಬುದ್ಧಿ ಇರುತ್ತದೆ.

ನಿಯಮ ಎಂದು ಹೇಳಬೇಡಿ. ಪಟ್ಟಿ ಯಾಕಿದೆ ಎಂದು ಮಗಳೇ ನನಗೆ ತಿಳಿಸಿ ಹೇಳಿದ್ದಾಳೆ, ನಿಮ್ಮ ಪರವಾಗಿ. ಯಾರ್ಯಾರೋ ಮಾಡಿದ ಪ್ಯಾಕೇಜುಗಳು ಒಂದಕ್ಕೊಂದು ಆಗಿಬರುವುದಿಲ್ಲ, ಇವತ್ತು ಸರಿಯಾಗಿ ನಡೆದ ಪುಸ್ತಕ ನಾಳೆ ಮುರಿದು ಬೀಳುತ್ತದೆ, ನೂರಾರು ಪುಸ್ತಕ ನೋಡಿಕೊಳ್ಳುವವರಿಗೆ ಒಂದು ಕಟ್ಟುಪಾಡು ಬೇಕು. ಒಪ್ಪಿದೆ. ನನ್ನ ಅಂಗಡಿಯಲ್ಲೂ ಕಂಡಕಂಡವರು ತಂದ ಪಾದವನ್ನು ಮಷೀನಿಗೆ ಸಿಕ್ಕಿಸಲು ಬಿಡುತ್ತಿರಲಿಲ್ಲ, ಸೂಜಿ ಮುರಿಯುತ್ತದೆ. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಕಾಜಾ ಹಾಕದೆಯೇ ಅಂಗಿ ಮಡಚಿಕೊಟ್ಟು, ಗುಂಡಿ ಎಲ್ಲಿ ತೂರಿಸಲಿ ಎಂದು ಕೇಳಿದ ಗಿರಾಕಿಗೆ ಅದು ನಿಮ್ಮ ಸ್ವಂತ ಅಭ್ಯಾಸಕ್ಕೆ ಬಿಟ್ಟ ಜಾಗ ಎನ್ನುತ್ತಿರಲಿಲ್ಲ. ನಿಮ್ಮ ಟೂಲಿಗೆ ಗೊತ್ತಿಲ್ಲದ್ದು ಸಿಕ್ಕಿದರೆ ನಿಲ್ಲು ಎಂದು ಕಲಿಸಲು ಏನು ಅಡ್ಡಿ? ಪುಸ್ತಕ ಬರೆದವಳಿಗೆ ಒಂದು ಕರಡು ಕಳಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಈಗ ಶಾಲೆಯಲ್ಲಿ ಏನು ನಡೆದಿದೆ ಎಂದು ಹೇಳುತ್ತೇನೆ. ಬೇರೆ ಪುಸ್ತಕ ಇಲ್ಲವಾದ್ದರಿಂದ ಚೌಕದ ಪುಸ್ತಕವನ್ನೇ ಇಟ್ಟುಕೊಂಡಿದ್ದಾರೆ. ನನ್ನ ತಮ್ಮ ವಾರಕ್ಕೆರಡು ದಿನ ಕೆಲಸ ಬಿಟ್ಟು ಹೋಗಿ ಮಕ್ಕಳ ಮುಂದೆ ನಿಲ್ಲುತ್ತಾನೆ. ಒಂದೊಂದೇ ಕೈ ಮಾಡಿ ತೋರಿಸುತ್ತಾನೆ, ಮಕ್ಕಳು ಅದನ್ನು ನೋಡಿ ಚೌಕದೊಳಗೆ ಪೆನ್ಸಿಲಿನಲ್ಲಿ ಬಿಡಿಸುತ್ತಾರೆ. ಇದನ್ನು ಓದಿ ಆಹಾ ಎನ್ನಬೇಡಿ. ನಮ್ಮ ಸಮಿತಿ ಹೇಳಿದ್ದು ನಿಜವಾಯಿತು ಎಂದು ವಾರ್ಷಿಕ ವರದಿಯಲ್ಲಿ ಸೇರಿಸಬೇಡಿ. ಆರು ವರ್ಷದ ಮಗು ಬಿಡಿಸಿದ ಕೈ ಹೇಗಿರುತ್ತದೆ ನೋಡಿದ್ದೀರಾ? ಐದೂ ಬೆರಳು ಬಾಚಣಿಗೆಯ ಹಲ್ಲಿನಂತೆ ನಿಂತಿರುತ್ತವೆ. 'ನೀರು' ಇರಬೇಕಾದ ಕಡೆ 'ಬೇಡ' ಕೂತಿದೆ. ಮರುದಿನ ಮಗು ತಾನು ಬಿಡಿಸಿದ್ದನ್ನೇ ನಂಬಿ ಅದರ ಕೆಳಗಿನ ಅಕ್ಷರ ಕಲಿಯುತ್ತದೆ. ಎರಡು ಜಡೆಯ ಆ ಹುಡುಗಿ ಮೊನ್ನೆ 'ಬೇಡ' ಎಂಬ ಸನ್ನೆ ಮಾಡಿ, ಬೋರ್ಡಿನ ಮೇಲೆ 'ನೀರು' ಎಂದು ಅಂದವಾಗಿ ಬರೆದು, ಶಹಭಾಸ್ ಎನ್ನುತ್ತಾರೆಂದು ನನ್ನ ತಮ್ಮನ ಮುಖ ನೋಡಿದಳು. ತಪ್ಪನ್ನು ಅಳಿಸಿ ಹೊಸದಾಗಿ ಕಲಿಸುವುದು ಕಲಿಸುವುದಕ್ಕಿಂತ ಎರಡು ಪಟ್ಟು ಕೆಲಸ. ಹೊಲಿಗೆ ಬಿಚ್ಚಿದವರಿಗೆ ಗೊತ್ತು, ಬಿಚ್ಚಿದ ಮೇಲೂ ಬಟ್ಟೆಯಲ್ಲಿ ತೂತು ಉಳಿಯುತ್ತದೆ.

ನನಗೆ ಬೇಕಾದದ್ದು ಇಷ್ಟು. ಕೈಸನ್ನೆಯ ಪ್ಯಾಕೇಜನ್ನು ನಿಮ್ಮ ಪಟ್ಟಿಗೆ ಸೇರಿಸಿ, ಅದು ಬದಲಾಗುತ್ತಿರುವಾಗಲೇ ಸೇರಿಸಿ, ಯಾಕೆಂದರೆ ಮಕ್ಕಳು ಮಾತು ನಿಲ್ಲಿಸುವವರೆಗೂ ಅದು ಬದಲಾಗುತ್ತಲೇ ಇರುತ್ತದೆ. ಪುಸ್ತಕವನ್ನು ಕೈಗಳ ಸಮೇತ ಈ ವರ್ಷವೇ ಅಚ್ಚು ಹಾಕಿಸಿ, ಹಾಕಿಸುವ ಮೊದಲು ಕರಡನ್ನು ನನ್ನ ತಮ್ಮನಿಗೆ ತೋರಿಸಿ. ನನ್ನ ಮಗಳು ಬರೆದುಕೊಟ್ಟ ಕಾಗದವನ್ನು ವಾಪಸು ಕೇಳಬೇಕೆಂದಿದ್ದೆ. ಅವಳು ಬೇಡ ಎಂದಳು, ಪುಸ್ತಕ ಬರುವುದಾದರೆ ಅದು ನಿಮ್ಮಲ್ಲೇ ಇರಲಿ. ರಟ್ಟಿನ ಮೇಲಿಂದ ಅವಳ ಹೆಸರು ತೆಗೆಯಬೇಕೆಂದರೂ ತೆಗೆಯಿರಿ. ಕೈ ತೆಗೆಯಬೇಡಿ.

ಬೇಗ ಮಾಡಿದರೆ ನಿಮಗೇ ಒಳ್ಳೆಯದು. ಕಿವಿ ಕೇಳದವರು ಮನುಷ್ಯರಿಗೂ ಜಾಗಗಳಿಗೂ ಕೈಯಲ್ಲೇ ಹೆಸರಿಡುತ್ತಾರೆ. ಕಂಡ ಗುಣ ನೋಡಿ ಇಡುತ್ತಾರೆ, ಮುಲಾಜಿಲ್ಲ. ನನ್ನ ತಮ್ಮ ನನಗಿಟ್ಟ ಹೆಸರು, ಬಾಯಿಯ ಪಕ್ಕದಲ್ಲಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸುವುದು. ಕಳೆದ ವಾರ ಶಾಲೆಯ ಮಕ್ಕಳು ನಿಮ್ಮ ಕಚೇರಿಗೂ ಒಂದು ಹೆಸರಿಟ್ಟರು. ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ಎಳೆದು, ಅದರೊಳಗೆ ಉಫ್ ಎಂದು ಊದುತ್ತಾರೆ. ದೊಡ್ಡ ಮಕ್ಕಳಿಗೂ ಹಬ್ಬಿದೆ, ಬೇರೆ ಊರಿನ ಶಾಲೆಯವರೂ ಕಲಿತಿದ್ದಾರಂತೆ. ಮಗಳು ಅದನ್ನು ಪ್ಯಾಕೇಜಿಗೆ ಇನ್ನೂ ಸೇರಿಸಿಲ್ಲ. ಯಾಕೆ ಎಂದು ಕೇಳಿದೆ. "ಪುಸ್ತಕ ಬಂದ್ರೆ ಮಕ್ಕಳು ಬೇರೆ ಹೆಸರಿಡಬಹುದು, ಸ್ವಲ್ಪ ದಿನ ನೋಡೋಣ" ಎಂದಳು. ಅವಳಿಗಿರುವ ತಾಳ್ಮೆ ನನಗಿಲ್ಲ, ಮಕ್ಕಳಿಗೂ ಇಲ್ಲ. ಒಮ್ಮೆ ಕೈಯಲ್ಲಿ ಕೂತ ಹೆಸರನ್ನು ಯಾವ ಕಚೇರಿಯ ಯಾವ ಆದೇಶದಿಂದಲೂ ಎಬ್ಬಿಸಲಾಗುವುದಿಲ್ಲ.

ಇಂತಿ,
ಬಾಯಿಯ ಪಕ್ಕದಲ್ಲಿ ಆಡುವ ಕತ್ತರಿ
(ಸಹಿಯನ್ನು ಕೈಯಲ್ಲೇ ಮಾಡಬೇಕಾಗಿತ್ತು. ನಿಮ್ಮ ಪಟ್ಟಿಯಲ್ಲಿ ಆ ಕೈ ಇಲ್ಲವೆಂದು ಅಕ್ಷರದಲ್ಲಿ ಬರೆದಿದ್ದೇನೆ)